ಕುಮಾರಧಾರೆಯಿಂದ ನೇತ್ರಾಣಿಗೆ

ಕಡಬದ ನಮ್ಮ ಮನೆಯಿಂದ ಕುಮಾರಧಾರೆ ಬಹು ದೂರವೇನಲ್ಲ. ನೌಕರಿಯ ನಿಮಿತ್ತ ಬಯಲುಸೀಮೆಯಿಂದ ಬಂದ ನಮಗೆ ತುಂಬಿ ಹರಿಯುವ ಹೊಳೆಯೇ ಒಂದು ಸೋಜಿಗವಾಗಿತ್ತು. ಬಂದ ಮೊದಲ ವರ್ಷವೇ, ಒಂಬತ್ತರ ಹರೆಯದ ನಮ್ಮ ಮಗಳು ಪಾಚಿಗಲ್ಲಿನ ಮೇಲಿಂದ ಜಾರಿ ಮಡುವಿಗೆ ಬಿದ್ದಳು. ಬಟ್ಟೆ ಒಗೆಯುತ್ತಿದ್ದ ತಾಯಿಯೊಬ್ಬರು ನೆನೆದ ಸೀರೆಯನ್ನೆಸೆದು ಎಳೆದುಕೊಂಡರು. ಜೀವವೇನೋ ಉಳಿಯಿತು, ಆದರೆ ಮುಂದೆ ಹತ್ತು ವರ್ಷಗಳ ಕಾಲ ಅವಳು ಹೊಳೆಗೆ ಕಾಲಿಡಲಿಲ್ಲ. ಸ್ನಾನದ ಚೊಂಬನ್ನು ಮುಖದ ಮೇಲೆ ಹೊಯ್ದುಕೊಳ್ಳಲೂ ಅಂಜುತ್ತಿದ್ದಳು.

ಅಂಥವಳೇ ಒಂದು ಸಂಜೆ, "ಅಪ್ಪಾಜಿ, ಫ್ರಾನ್ಸಿನಲ್ಲಿ ಜನರು ರಜೆ ಕಳೆಯಲೆಂದು ಮುಳುಗಿದ ಹಡಗುಗಳನ್ನು ನೋಡಲು ಕಡಲಿಗೆ ಇಳಿಯುತ್ತಾರಂತೆ" ಎಂದಾಗ ನಾವು ಬೆರಗಾದೆವು. ಅವಳು ಓದಿದ್ದು ನಿಜವೇ. ಅಲ್ಲಿಯ ದಕ್ಷಿಣ ತೀರದಲ್ಲಿ ಕವಲೇರ್ ಎಂಬ ಬಂದರೂರಿದೆ. 1918ರಲ್ಲಿ ಸಿಡಿಗುಂಡಿಗೆ ತಗುಲಿ ಮುಳುಗಿದ 'ಟೋಗೊ' ಎಂಬ ಹಡಗು, 1958ರಲ್ಲಿ ಉದ್ದೇಶಪೂರ್ವಕವಾಗಿಯೇ ಮುಳುಗಿಸಿದ 'ರೂಬಿ' ಎಂಬ ಜಲಾಂತರ್ಗಾಮಿ, ಇವೆಲ್ಲ ಆ ಆಸುಪಾಸಿನ ಕಡಲ ತಳದಲ್ಲಿವೆ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಇಳಿಯುವ ಸಾಧನವನ್ನು ಕೂಸ್ಟೊ ಮತ್ತು ಗಾನ್ಯಾ ಎಂಬಿಬ್ಬರು 1943ರಲ್ಲಿ ರೂಪಿಸಿದ್ದೂ ಆ ದೇಶದಲ್ಲಿಯೇ. ಮರಳು ತಳದಲ್ಲಿ ಹಡಗೊಂದು ಬಿದ್ದರೆ ಅದೇ ಬಂಡೆಯಾಗಿ, ಕಡಲಜೀವಿಗಳು ಅಂಟಿ, ಮೀನುಗಳು ಮನೆಮಾಡುತ್ತವೆ.

ನಮ್ಮಲ್ಲಿ ಮುಳುಗಿದ ಹಡಗುಗಳಿಲ್ಲವೇ? 2022ರ ಜೂನ್ ತಿಂಗಳಲ್ಲಿ ಚೀನಾದಿಂದ ಲೆಬನಾನಿಗೆ ಉಕ್ಕಿನ ಸುರುಳಿ ಹೊತ್ತು ಹೊರಟಿದ್ದ 'ಪ್ರಿನ್ಸೆಸ್ ಮಿರಾಲ್' ಉಳ್ಳಾಲದ ಬಳಿ ಮುಳುಗಿತು. ಅದರಲ್ಲಿದ್ದ 15 ಮಂದಿ ಸಿರಿಯಾದ ನಾವಿಕರನ್ನು ಕರಾವಳಿ ಕಾವಲು ಪಡೆಯವರು ಪಾರುಮಾಡಿದರು. ಎಣ್ಣೆ ಸೋರಿ ಮೀನುಗಾರರ ಅನ್ನಕ್ಕೆ ಕಲ್ಲು ಬಿದ್ದೀತೆಂಬ ಭಯವೇ ಆಗ ಎಲ್ಲರಿಗೂ. ಅಲ್ಲಿ ಇಳಿದು ನೋಡುವ ಮಾತು ದೂರವೇ ಉಳಿಯಿತು. ಮಳೆಗಾಲದಲ್ಲಿ ಆ ಕಡಲು ಕೆಂಪಗಾಗುತ್ತದೆ. ಅದು ನಮ್ಮದೇ ಮಣ್ಣು! ಕಡಬದ ಗದ್ದೆ, ಪುತ್ತೂರಿನ ಅಡಿಕೆತೋಟಗಳ ಮಣ್ಣು ಕುಮಾರಧಾರೆಗಿಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅಲ್ಲಿಗೆ ಹೋಗುತ್ತದೆ. ಸುಳ್ಯದ ಪಯಸ್ವಿನಿ ಮಾತ್ರ ಬೇರೆ ದಾರಿ ಹಿಡಿದು ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಕಡಲು ಸೇರುತ್ತದೆ.

ತಿಳಿನೀರು ಬೇಕೆಂದರೆ ಉತ್ತರ ಕನ್ನಡದ ನೇತ್ರಾಣಿಗೆ ಹೋಗಬೇಕು. ಮುರುಡೇಶ್ವರದಿಂದ ಸುಮಾರು 20 ಕಿ.ಮೀ. ದೂರದ ನಿರ್ಜನ ದ್ವೀಪವದು. ಹಿಂದೆ ನೌಕಾಪಡೆಯವರು ಅದನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದರು. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ನೋಡಿದವರಿಗೆ ಅದರ ಪರಿಚಯವಿದ್ದೀತು. ಅಲ್ಲಿ ಹಡಗಿಲ್ಲ, ಹವಳದ ಬಂಡೆಗಳಿವೆ. ಈಜು ಬಾರದವರನ್ನೂ ತರಬೇತುದಾರರು ಕೈಹಿಡಿದು ಇಳಿಸುತ್ತಾರೆ.

ಹೊರಡುವ ಮುನ್ನ ಅವ್ವನವರದು ಒಂದೇ ಪ್ರಶ್ನೆ: "ಲಿಂಗವನ್ನೇನು ಮಾಡುವಿರಿ?" ನಮಗೆ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಯೋಚಿಸಿ ಅವರೇ, "ನಿತ್ಯವೂ ಮಜ್ಜನ ಮಾಡಿಸುವುದಿಲ್ಲವೇ? ಮೈಮೇಲೇ ಇರಲಿ. ಕರಡಿಗೆ ನನ್ನ ಕೈಲಿ ಕೊಡಿ, ಅರಿವೆಯಲ್ಲಿ ಕಟ್ಟಿಕೊಳ್ಳಿ" ಎಂದು ತೀರ್ಪಿತ್ತರು. ಬೆಳ್ಳಿಯ ಕರಡಿಗೆಗಳೊಂದಿಗೆ ಅವ್ವನವರು ದಡದಲ್ಲಿಯೇ ಕುಳಿತರು.

ಜನವರಿಯ ಆ ಬೆಳಿಗ್ಗೆ ದೋಣಿಯಲ್ಲಿ ಸಂಜ್ಞೆಗಳನ್ನು ಕಲಿಸಿದರು. ನೀರೊಳಗೆ ಹೆಬ್ಬೆರಳು ಮೇಲೆತ್ತಿದರೆ 'ಚೆನ್ನಾಗಿದೆ' ಎಂದರ್ಥವಲ್ಲ, 'ಮೇಲಕ್ಕೆ ಹೋಗೋಣ' ಎಂದರ್ಥ. ಕ್ಷೇಮವೆನ್ನಲು ನಮ್ಮ ಚಿನ್ಮುದ್ರೆಯಂತೆ ಹೆಬ್ಬೆರಳು, ತೋರುಬೆರಳುಗಳನ್ನು ಕೂಡಿಸಬೇಕು. ಹತ್ತು ಮೀಟರು ಇಳಿದರೆ ಒತ್ತಡ ಇಮ್ಮಡಿಯಾಗುತ್ತದೆ. ಆದ್ದರಿಂದ ಮೂಗು ಹಿಡಿದು ಉಸಿರೊತ್ತಿ ಕಿವಿಯನ್ನು ಸಮಗೊಳಿಸುತ್ತಿರಬೇಕು, ಉಸಿರನ್ನು ಮಾತ್ರ ಎಂದೂ ಕಟ್ಟಬಾರದು. ಅವಳು ಎಲ್ಲವನ್ನೂ ಗಂಭೀರವಾಗಿ ಕೇಳುತ್ತಿದ್ದಳು, ಆದರೆ ಕೈಗಳು ನಡುಗುತ್ತಿದ್ದವು.

ಮೊದಲ ಸಲ ತಲೆ ಮುಳುಗಿದೊಡನೆಯೇ ಹೆಬ್ಬೆರಳು ಮೇಲೆತ್ತಿದಳು. ತರಬೇತುದಾರರು ಗದರಲಿಲ್ಲ, ಮೇಲೆ ತಂದು ಹಗ್ಗ ಹಿಡಿಸಿ ಸುಮ್ಮನೆ ತೇಲಲು ಬಿಟ್ಟರು. ಅಷ್ಟರಲ್ಲಿ ನಮ್ಮ ಸರದಿ. ಆಡಿಕೊಂಡಷ್ಟು ಸುಲಭವಿರಲಿಲ್ಲ. ಎಷ್ಟು ಮೂಗು ಹಿಡಿದರೂ ಕಿವಿ ಬಿಡಲಿಲ್ಲ, ಸೂಜಿ ಚುಚ್ಚಿದಂಥ ನೋವು. ಮೂರು ಮೀಟರಿನಿಂದಲೇ ಹಿಂತಿರುಗಿ ದೋಣಿಯೇರಿದೆವು. ನೋಡುವಾಗ ಹಗ್ಗದ ಬಳಿ ಅವಳಿಲ್ಲ!

ಆ ಅರ್ಧ ಗಂಟೆಯನ್ನು ಏನೆಂದು ವರ್ಣಿಸಲಿ? ನೀರಿನ ಮೇಲೆ ಗುಳ್ಳೆಗಳು ಏಳುತ್ತಿದ್ದವು. ಅವನ್ನೇ ಎಣಿಸುತ್ತ ಕುಳಿತೆವು. ಒಮ್ಮೆ ಎರಡು ಕ್ಷಣ ನಿಂತಂತೆನಿಸಿತು, ದೋಣಿಯವರು "ಬಂಡೆಯ ಆಚೆಗೆ ಹೋಗಿದ್ದಾರೆ, ಅಷ್ಟೇ" ಎಂದರು. ಕೊನೆಗೆ ಮೇಲೆದ್ದವಳು ಬಾಯಿಂದ ನಳಿಕೆ ತೆಗೆದು, ಹವಳವನ್ನು ಕಟಕಟ ಕಡಿಯುವ ಗಿಳಿಮೀನುಗಳ ಸದ್ದು ಕೇಳಿತೆಂದು ಒಂದೇ ಸಮನೆ ಹೇಳತೊಡಗಿದಳು. ನಮ್ಮ ಕಿವಿ ಇನ್ನೂ ಮುಚ್ಚಿತ್ತು, ಅರ್ಧ ಮಾತ್ರ ಕೇಳಿಸಿತು. ದಡದಲ್ಲಿ ಅವ್ವನವರು ಮಾತಾಡದೆ ಮೊಮ್ಮಗಳ ಕೊರಳಿಗೆ ಕರಡಿಗೆ ಕಟ್ಟಿದರು.

ಮರಳುವಾಗ ಉಪ್ಪಿನಂಗಡಿ ತಲುಪುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಸಹಸ್ರಲಿಂಗೇಶ್ವರನ ಸನ್ನಿಧಿಯ ಬಳಿ ಕಾರು ನಿಲ್ಲಿಸಿರೆಂದಳು. ಮೆಟ್ಟಿಲಿಳಿದು, ಚಪ್ಪಲಿ ಕಳಚಿ, ಎರಡು ಹೊಳೆಗಳು ಕೂಡುವ ನೀರಿನಲ್ಲಿ ಮೊಣಕಾಲಿನವರೆಗೆ ನಿಂತಳು. ಬೊಗಸೆಯಲ್ಲಿ ನೀರೆತ್ತಿ ಮುಖದ ಮೇಲೆ ಹೊಯ್ದುಕೊಂಡಳು. ಅವ್ವನವರು ಮೇಲಿನ ಮೆಟ್ಟಿಲಿನಿಂದ "ಸಾಕು, ಶೀತವಾದೀತು" ಎಂದು ಕೂಗಿದರು.