ದಾದರಿನ ಗಲ್ಲಿಯಲ್ಲೊಂದು ಹಳೆಯ ಮೋಟಾರು

ನಮ್ಮವರಲ್ಲಿ ಅನೇಕರಿಗೆ ದಾದರ್ ಎಂದರೆ ಗಾಡಿ ಬದಲಾಯಿಸುವ ಸ್ಥಳ. ಪಶ್ಚಿಮ ರೈಲ್ವೆಯಿಂದ ಇಳಿದು ಸೆಂಟ್ರಲ್ ರೈಲ್ವೆಯ ಗಾಡಿ ಹತ್ತುವ ಅವಸರದಲ್ಲಿ ಊರು ಕಣ್ಣಿಗೆ ಬೀಳುವುದೇ ಇಲ್ಲ. ಪುರುಸೊತ್ತು ಮಾಡಿಕೊಂಡು ಪೂರ್ವದ ಕಡೆಗೆ ಹೊರಬಿದ್ದರೆ ಟಿ.ಟಿ. ಸಿಗುತ್ತದೆ. ಟಿ.ಟಿ. ಎಂದರೆ ಟ್ರಾಮ್ ಟರ್ಮಿನಸ್. ಟ್ರಾಮು 1964ರ ಮಾರ್ಚ್ 31ರಂದೇ ನಿಂತುಹೋಯಿತು. ಹೆಸರು ಮಾತ್ರ ಇನ್ನೂ ಓಡುತ್ತಿದೆ. ಮುಂದೆ ಪಾರ್ಸಿ ಕಾಲನಿ. ಅಲ್ಲಿ ಮರಗಳ ನೆರಳಿನಲ್ಲಿ ಹೊದಿಕೆ ಹೊದ್ದು ಮಲಗಿದ ಹಳೆಯ ಮೋಟಾರೊಂದು ಕಣ್ಣಿಗೆ ಬಿದ್ದರೆ ಸೋಜಿಗವಿಲ್ಲ.

ಅದರ ಸಮೀಪದ ಗಲ್ಲಿಯ ಗ್ಯಾರೇಜಿನಲ್ಲಿ ಈಚೆಗೆ ಒಂದು ಜಾಗ್ವಾರ್ ಮಾರ್ಕ್ 2 ಕಂಡೆ. ಗಾಲಿಗಳನ್ನೆಲ್ಲ ಕಳಚಿದ್ದರು. ಹಳೆಯ ವೃತ್ತಪತ್ರಿಕೆಯ ಮೇಲೆ ಅದರ ಬ್ರೇಕಿನ ಕ್ಯಾಲಿಪರುಗಳು ಕುಳಿತಿದ್ದವು. ಕ್ಯಾಲಿಪರ್ ಎಂದರೇನೆಂದು ಮನೆಯವರು ಕೇಳಿದರೆ ಸೈಕಲ್ಲನ್ನು ತೋರಿಸಿ: ಅಲ್ಲಿ ಬ್ರೇಕು ಗಾಲಿಯ ಅಂಚನ್ನು ಎರಡು ಕಡೆಯಿಂದ ಹಿಡಿಯುವಂತೆ, ಇಲ್ಲಿ ಗಾಲಿಯೊಡನೆ ತಿರುಗುವ ಕಬ್ಬಿಣದ ತಟ್ಟೆಯನ್ನು ಹಿಡಿಯುತ್ತದೆ. ಇಂಥ ಡನ್ಲಪ್ ಬ್ರೇಕಿನ ಬಲದಿಂದ ಜಾಗ್ವಾರ್ 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯ ಗೆದ್ದ ಮೇಲೆ ಲೋಕಕ್ಕೆಲ್ಲ ಅದರ ಗುಣ ತಿಳಿಯಿತು.

ನಮ್ಮ ಮುಂಬಯಿಯ ಫಿಯೆಟ್ ಮತ್ತು ಪದ್ಮಿನಿಗಳಿಗೆ ಈ ವೈಭವವಿರಲಿಲ್ಲ. ಅವುಗಳದು ಡ್ರಮ್ ಬ್ರೇಕು. ಎಲ್ಲವೂ ಡಬ್ಬಿಯೊಳಗೆ ಮುಚ್ಚಿರುವಾಗ ಬಣ್ಣ ಹಚ್ಚಿ ಯಾರಿಗೆ ತೋರಿಸುವುದು? ಅವುಗಳನ್ನು ತಯಾರಿಸಿದ ಪ್ರೀಮಿಯರ್ ಕಂಪನಿಯನ್ನು 1944ರಲ್ಲಿ ಸ್ಥಾಪಿಸಿದವರು ವಾಲಚಂದ ಹೀರಾಚಂದರು. ಅದಕ್ಕೂ ಮುಂಚೆ, 1930ರ ದಶಕದಲ್ಲೇ, ದೇಶಕ್ಕೊಂದು ಮೋಟಾರು ಕಾರ್ಖಾನೆ ಬೇಕೆಂದು ಯುರೋಪು, ಅಮೆರಿಕ ಸುತ್ತಿ ಬಂದವರು ನಮ್ಮ ವಿಶ್ವೇಶ್ವರಯ್ಯನವರು. ಇದನ್ನು ಇಲ್ಲಿಯ ಮಕ್ಕಳಿಗೆ ಹೇಳಿರಬೇಕು.

ಜಾಗ್ವಾರಿನದು ತಂತಿಗಾಲಿ, ಸಂದಿಯಿಂದ ಕ್ಯಾಲಿಪರ್ ಕಾಣುತ್ತದೆ. ಆದ್ದರಿಂದ ಯಜಮಾನರಿಗೆ ಕೆಂಪು ಬಣ್ಣವೂ ಅದರ ಮೇಲೆ ಬಿಳಿಯಲ್ಲಿ ಮೋಟಾರಿನ ಹೆಸರೂ ಬೇಕಾಗಿದ್ದವು. ಹಳೆಯ ವಸ್ತುವಿಗೆ ಹೊಸ ತಿಲಕವೇಕೆ ಎಂಬುದು ನನ್ನ ಮತ. ನನ್ನನ್ನು ಕೇಳಿದವರಿಲ್ಲ.

ಬಣ್ಣದ ಕೆಲಸ ಪೇಂಟರರದು. ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಹಿಂದೆ ಟ್ಯಾಕ್ಸಿ ಲಾರಿಗಳ ಮೇಲೆ ಅಕ್ಷರ ಬರೆಯುತ್ತಿದ್ದರು. ಅಂಟಿಸುವ ಅಕ್ಷರಗಳು ಬಂದು ಆ ಕೆಲಸ ಕುಗ್ಗಿತು. 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳೂ ಬೀದಿಯಿಂದ ನಿವೃತ್ತವಾದವು.

ತಂತಿ ಬ್ರಷ್ಷಿನಿಂದ ತುಕ್ಕು ತೆಗೆದು, ಜಿಡ್ಡು ತೊಳೆದು, ರಬ್ಬರು, ಗಾಳಿ ಬಿಡುವ ನಿಪ್ಪಲ್, ಪ್ಯಾಡು ಸರಿದಾಡುವ ಜಾಗಗಳಿಗೆ ಟೇಪು ಸುತ್ತಿದರು. ಬೋಲ್ಟು ಕೂರುವ ಮುಖಕ್ಕೂ ಬಣ್ಣ ತಾಗಕೂಡದು. ಅಲ್ಲಿ ಬಣ್ಣದ ಪದರ ನಡುವೆ ಸಿಕ್ಕಿ ನಲುಗಿದರೆ ಬೋಲ್ಟಿನ ಬಿಗಿ ಸಡಿಲವಾಗುತ್ತದೆ. ಯಜಮಾನರು ಅದನ್ನೂ ಕೆಂಪಾಗಿಸಿ ಎಂದರು. ಪೇಂಟರರು ಕುಂಚವನ್ನು ಕೆಳಗಿಟ್ಟರು. "ಚಂದ ಕಾಣ್ಲಿಕ್ಕೆ ಮಾಡೂದು ಬ್ಯಾರೆ, ನಿಲ್ಲೂದು ಬ್ಯಾರೆರೀ," ಎಂದು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿ, ಅವರಿಗೆ ಹಿಂದಿಯಲ್ಲಿ ನಯವಾಗಿ ತಿಳಿಸಿದರು.

ಬಣ್ಣವೂ ಸಾಮಾನ್ಯದ್ದಲ್ಲ. ಜೋರಾಗಿ ಬ್ರೇಕು ಹಾಕಿದಾಗ ತಟ್ಟೆ ನೂರಾರು ಡಿಗ್ರಿ ಕಾಯುತ್ತದೆ. ಮನೆಯ ಕಿಟಕಿಗೆ ಹಚ್ಚುವ ಎನಾಮೆಲ್ ಅಲ್ಲಿ ಬಣ್ಣಗೆಟ್ಟು ಬೊಬ್ಬೆ ಏಳುತ್ತದೆ. ಸಾಲದ್ದಕ್ಕೆ ಬ್ರೇಕಿನ ಎಣ್ಣೆ ತಾಗಿದ ಕಡೆ ಬಣ್ಣ ಕರಗಿಹೋಗುತ್ತದೆ. ಆದ್ದರಿಂದ ಬಿಸಿ ತಡೆಯುವ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಬೇಕು.

ಅಕ್ಷರ ಬರೆಯುವಾಗ ಇನ್ನೊಂದು ಪೇಚು. ಎಡದ್ದಕ್ಕೂ ಬಲದ್ದಕ್ಕೂ ಒಂದೇ ಅಚ್ಚು ಇಟ್ಟರೆ ಒಂದು ಬದಿಯಲ್ಲಿ ಹೆಸರು ತಲೆಕೆಳಗಾದೀತು. ಗಾಳಿ ಮೇಲಕ್ಕೇ ಹೋಗುವುದರಿಂದ ನಿಪ್ಪಲ್ ಯಾವಾಗಲೂ ಮೇಲಿರಬೇಕು. ಅದನ್ನೇ ಗುರುತಾಗಿ ಹಿಡಿದು ಸೀಮೆಸುಣ್ಣದಿಂದ ಗೆರೆ ಎಳೆದರು. ಕಡತಗಳ ಮೇಲೆ ತಲೆಬರಹ ಬರೆಯುವುದೇ ಉದ್ಯೋಗವಾದ ನನಗೆ ಆ ಕೈಯನ್ನು ನೋಡಿ ಅಸೂಯೆಯಾಯಿತು. ಅಚ್ಚಿಲ್ಲ, ಅಳತೆಪಟ್ಟಿಯಿಲ್ಲ, ಆರು ಇಂಗ್ಲಿಷ್ ಅಕ್ಷರ, ಆರೂ ಒಂದೇ ಎತ್ತರ.

"ಕನ್ನಡದಾಗ ಬರೀತೀರೇನು?" ಎಂದು ಕೇಳಿದೆ. ಊರಲ್ಲಿ ಅಂಗಡಿಯ ಹಲಗೆ ಬರೆದಿದ್ದರಂತೆ. ದಾದರಿಗೆ ಬಂದ ಮೇಲೆ ಬರೆಸಿದವರಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಉಳಿದ ಬಿಳಿ ಬಣ್ಣದಿಂದ ಡಬ್ಬಿಯ ಮುಚ್ಚಳದ ಮೇಲೆ 'ಜಾಗ್ವಾರ್' ಎಂದು ಬರೆದರು. ಒತ್ತಕ್ಷರದ ಬಳಿ ಕುಂಚ ಒಂದು ಕ್ಷಣ ತಡೆಯಿತು.

"ವತ್ತು ಬರೋಬರ್ ಆತೇನ್ರಿ, ಸಾಹೇಬ್ರ?" ಎಂದರು.

ಸರಿಯಾಗಿಯೇ ಇತ್ತು.