ಉಪ್ಪಿನ ನ್ಯಾಯ

ಸಂಸಾರ ನಡೆಸುವವರಿಗೆ ದಿನಸಿಯ ಲೆಕ್ಕಕ್ಕಿಂತ ಹತ್ತಿರವಾದ ಲೆಕ್ಕವು ಮತ್ತೊಂದಿಲ್ಲ. ನಾಲ್ಕು ಕಾಸು ಅಗ್ಗವಾಗಿ ದೊರೆಯುವಲ್ಲಿ ಕೊಳ್ಳುವುದು ಗೃಹಸ್ಥಧರ್ಮವೇ ಹೊರತು ದೋಷವಲ್ಲ. ಆದರೆ ಅದೇ ಸಾಬೂನು, ಅದೇ ಎಣ್ಣೆ ದೊಡ್ಡ ಮಳಿಗೆಯಲ್ಲಿ ಅಗ್ಗವಾಗಿಯೂ ಬೀದಿಯ ಮೂಲೆಯ ಅಂಗಡಿಯಲ್ಲಿ ತುಟ್ಟಿಯಾಗಿಯೂ ಇರುವುದೇಕೆಂದು ವಿಚಾರಿಸುವವರು ವಿರಳ. ಚಿಕ್ಕ ಅಂಗಡಿಯವನಿಗೆ ಲಾಭದಾಸೆ ಹೆಚ್ಚೆಂದು ಹೇಳಿಬಿಡುವುದು ಸುಲಭ.

ನಮ್ಮ ಬೀದಿಯ ಅಂಗಡಿಯವರನ್ನು ಈ ವಿಷಯವಾಗಿ ಒಮ್ಮೆ ಕೇಳಿದೆವು. ತಿಂಗಳ ಕೊನೆಯಲ್ಲಿ ಎಷ್ಟೋ ಮನೆಗಳಿಗೆ ಸಾಲ ಬರೆದುಕೊಂಡು ಅಕ್ಕಿ ಬೇಳೆ ಕೊಡುವ ಮನುಷ್ಯರು ಅವರು. "ಸ್ವಾಮಿ, ಅವರು ಗಿರಾಕಿಗೆ ಮಾರುವ ಬೆಲೆಗೆ ನನಗೆ ಸರಕೇ ಸಿಕ್ಕುವುದಿಲ್ಲ. ಲಾಭವನ್ನೆಲ್ಲ ಬಿಟ್ಟರೂ ಆ ಬೆಲೆಗೆ ನಾನು ಕೊಡಲಾರೆ" ಎಂದರು. ಈ ಮಾತು ಅವರೊಬ್ಬರದೇ ಅಲ್ಲ. ಒಬ್ಬನೇ ತಯಾರಕನು ಒಂದೇ ವಸ್ತುವನ್ನು ಇಬ್ಬರು ವರ್ತಕರಿಗೆ ಎರಡು ಬೆಲೆಗೆ ಕೊಡುವುದು ನ್ಯಾಯವೇ?

ಅಮೆರಿಕ ದೇಶದವರು ಈ ಪ್ರಶ್ನೆಯನ್ನು ಬಹುಕಾಲದ ಹಿಂದೆಯೇ ಎತ್ತಿಕೊಂಡರು. ಊರೂರಿಗೂ ಶಾಖೆಗಳುಳ್ಳ ದೊಡ್ಡ ಮಳಿಗೆಗಳ ಮುಂದೆ ಚಿಕ್ಕ ವರ್ತಕರು ಕಂಗೆಟ್ಟಿರಲು, 1936ರಲ್ಲಿ ರಾಬಿನ್ಸನ್-ಪ್ಯಾಟ್ಮನ್ ಶಾಸನವು ಹುಟ್ಟಿತು. ಸ್ಪರ್ಧೆಗೆ ಹಾನಿಯಾಗುವಂತೆ ಒಂದೇ ದರ್ಜೆಯ ಸರಕಿಗೆ ಭಿನ್ನ ಬೆಲೆ ಹಾಕಕೂಡದೆಂಬುದು ಅದರ ತಾತ್ಪರ್ಯ. 1948ರಲ್ಲಿ ಮಾರ್ಟನ್ ಸಾಲ್ಟ್ ಎಂಬ ಉಪ್ಪಿನ ಕಂಪನಿಯ ವ್ಯಾಜ್ಯವನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಸ್ವಲ್ಪಸ್ವಲ್ಪವಾಗಿ ತರಿಸುವವರಿಗೆ ಪೆಟ್ಟಿಗೆಯೊಂದಕ್ಕೆ 1.60 ಡಾಲರು, ರೈಲಿನ ವ್ಯಾಗನ್ನು ತುಂಬ ಕೊಂಡರೆ 1.50, ವರ್ಷಕ್ಕೆ 5,000 ಪೆಟ್ಟಿಗೆ ಕೊಂಡರೆ 1.40, 50,000 ಕೊಂಡರೆ 1.35. ರಿಯಾಯಿತಿಯು ಎಲ್ಲರಿಗೂ ತೆರೆದಿದೆಯೆಂದು ಕಂಪನಿಯು ವಾದಿಸಿತು. ಆದರೆ ಕಡೆಯ ಬೆಲೆಯನ್ನು ಮುಟ್ಟಿದವು ಐದೇ ದೊಡ್ಡ ಸಂಸ್ಥೆಗಳು! ಉಪ್ಪು ಅಂಗಡಿಯ ಸರಕಿನಲ್ಲಿ ಅಲ್ಪಭಾಗವೆಂಬ ಮಾತನ್ನೂ ನ್ಯಾಯಾಲಯವು ಒಪ್ಪಲಿಲ್ಲ. ದಿನಸಿ ಅಂಗಡಿಯೆಂದರೆ ಇಂತಹ ಅಲ್ಪವಸ್ತುಗಳ ರಾಶಿಯೇ ಅಲ್ಲವೇ?

ಹೆಚ್ಚು ಕೊಳ್ಳುವವನಿಗೆ ರಿಯಾಯಿತಿಯೇ ಕೂಡದೆಂದು ನಾವು ಹೇಳುವುದಿಲ್ಲ. ಗಾಡಿ ತುಂಬ ಸಾಗಿಸಿದರೆ ಕೂಲಿಯೂ ಬಾಡಿಗೆಯೂ ಉಳಿಯುವುದು ನಿಜ. ಆ ಉಳಿತಾಯದಷ್ಟು ಬೆಲೆಯಿಳಿಸಲು ಆ ಶಾಸನವೂ ಅಡ್ಡಿಮಾಡದು. ಉಳಿತಾಯವನ್ನು ಮೀರಿ, ಕೊಳ್ಳುವವನ ಬಲಕ್ಕೆ ಮಣಿದು ಇಳಿಸಿದ ಬೆಲೆಯೇ ಅನ್ಯಾಯ. ನಮ್ಮ ದೇಶದ 2002ರ ಸ್ಪರ್ಧಾ ಕಾಯಿದೆಯೂ ತಾರತಮ್ಯದ ಬೆಲೆಯನ್ನು ನಿಷೇಧಿಸುತ್ತದೆ. ಆದರೆ ಹಾಗೆ ಮಾಡಿದ ಸಂಸ್ಥೆಗೆ ಮಾರುಕಟ್ಟೆಯಲ್ಲಿ ಪ್ರಾಬಲ್ಯವುಂಟೆಂಬುದು ಮೊದಲು ಸಿದ್ಧವಾಗಬೇಕು. ಮೂಲೆಯ ಅಂಗಡಿಯವನಿಗೆ ಅದು ಎಟುಕುವ ಕೆಲಸವೇ?

ಅಗ್ಗದ ಬೆಲೆ ನಮಗೂ ಬೇಕು. ಆದರೆ ಚಿಕ್ಕ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡ ಮೇಲೆ ಆ ಅಗ್ಗವು ಉಳಿಯುವುದೆಂದು ಹೊಣೆ ನಿಲ್ಲುವವರು ಯಾರು? ಹೊತ್ತಲ್ಲದ ಹೊತ್ತಿನಲ್ಲಿ ಕಾಲು ಸೇರು ಸಕ್ಕರೆಯನ್ನು ನಂಬಿಕೆಯ ಮೇಲೆ ಕೊಡುವವರು ಯಾರು? ಬೆಲೆಯೆಷ್ಟೆಂದು ಕೇಳುವ ಗೃಹಸ್ಥರು, ಗೃಹಿಣಿಯರು ಆ ಬೆಲೆ ಬಂದ ಬಗೆಯನ್ನೂ ಕೇಳುವುದು ಉಚಿತ. ತಕ್ಕಡಿಯು ಅಂಗಡಿಯ ಒಳಗೆ ನೆಟ್ಟಗಿದ್ದರೆ ಸಾಲದು. ಸರಕು ಅಂಗಡಿಗೆ ಬರುವ ದಾರಿಯಲ್ಲಿಯೂ ನೆಟ್ಟಗಿರಬೇಕು.