ರೇಂಜರ್ ಚಿಣ್ಣಪ್ಪನವರು

ಯಲಹಂಕದಲ್ಲಿ ಸಮವಸ್ತ್ರಕ್ಕೆ ಬರವಿಲ್ಲ. ವಾಯುನೆಲೆಯವರು, ಬಿಎಸ್‌ಎಫ್‌ನವರು, ಸಿಆರ್‌ಪಿಎಫ್‌ನವರು, ಎಲ್ಲರೂ ಇಲ್ಲಿದ್ದಾರೆ. ಅವರನ್ನು ಕಂಡರೆ ಚಿಕ್ಕ ಮಕ್ಕಳು ಸೆಲ್ಯೂಟ್ ಹೊಡೆಯುವುದೂ ಉಂಟು. ಪುಟ್ಟೇನಹಳ್ಳಿ ಕೆರೆಯಲ್ಲಿ ಹಕ್ಕಿ ಕಾಯುವ ಫಾರೆಸ್ಟ್ ಗಾರ್ಡಿನ ಖಾಕಿಗೆ ಮಾತ್ರ ಆ ಭಾಗ್ಯವಿಲ್ಲ. ಬಣ್ಣದ ಕೊಕ್ಕರೆಗಳ ಫೋಟೊ ತೆಗೆಯಲು ಬಂದವರು ಅವನನ್ನು ಪಕ್ಕಕ್ಕೆ ಸರಿ ಎನ್ನುತ್ತಾರೆ, ಅಷ್ಟೆ.

ಒಂದು ಬೆಳಿಗ್ಗೆ ಆತ ಏರಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ಪೊದೆಗೆ ಸಿಕ್ಕಿದ್ದ ಗಾಳದ ನೈಲಾನ್ ದಾರವನ್ನು ಬಿಡಿಸಿ ಬಿಡಿಸಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. ಯಾಕಪ್ಪಾ ಅಷ್ಟು ಕಷ್ಟ ಎಂದೆ. "ಬಿಟ್ರೆ ಹಕ್ಕಿ ಕಾಲಿಗೆ ಸುತ್ಕೊಳ್ತದೆ ಸಾರ್" ಎಂದ. ಕಾಡು ಕಾಯುವುದೆಂದರೆ ಬಹುಪಾಲು ಇದೇ: ಆಗಬಹುದಾಗಿದ್ದ ಕೇಡನ್ನು ಆಗಗೊಡದಿರುವುದು. ಆಗದೇ ಹೋದ ಕೇಡಿಗೆ ಲೆಕ್ಕವಿಲ್ಲ, ಸನ್ಮಾನವಿಲ್ಲ. ಕೆ.ಎಂ. ಚಿಣ್ಣಪ್ಪನವರ ಹೆಸರು ನಮ್ಮ ಬಡಾವಣೆಯಲ್ಲಿ ಹತ್ತು ಜನಕ್ಕೂ ಗೊತ್ತಿಲ್ಲದಿರುವುದು ಅದಕ್ಕೇ ಇರಬೇಕು.

ಅವರು ಕೊಡಗಿನವರು. 1967ರಲ್ಲಿ ಫಾರೆಸ್ಟರ್ ಆಗಿ ಇಲಾಖೆ ಸೇರಿ, ನಾಗರಹೊಳೆಯ ರೇಂಜರ್ ಆದರು. ಕಾಗದದಲ್ಲಿ 'ವಲಯ ಅರಣ್ಯಾಧಿಕಾರಿ', ಜನರ ಬಾಯಲ್ಲಿ ರೇಂಜರ್ ಸಾಹೇಬರು. ದೊಡ್ಡ ಹುದ್ದೆಯೇನಲ್ಲ. ಮೇಲೆ ಡಿಸಿಎಫ್, ಸಿಎಫ್ ಎಂದು ಏಣಿಯೇ ಇದೆ. ಕೆಳಗೆ ಗಾರ್ಡು, ವಾಚರು. ಆದರೆ ರಾತ್ರಿ ಕಾಡಿನಲ್ಲಿ ಈಡು ಕೇಳಿಸಿದರೆ ಎದ್ದು ಹೊರಡಬೇಕಾದವರು ರೇಂಜರೇ. ಮೇಲಿನವರು ಆದೇಶ ಬರೆಯಬಹುದು, ಕಾಡು ಉಳಿಯುವುದು ರೇಂಜರ್ ಮಟ್ಟದಲ್ಲಿ. ಇದು ನನ್ನ ಗಟ್ಟಿ ನಂಬಿಕೆ.

ಅವರು ಕೆಲಸಕ್ಕೆ ಸೇರಿದ ಕಾಲದ ನಾಗರಹೊಳೆ ಇವತ್ತು ಸಫಾರಿಯಲ್ಲಿ ಕಾಣುವ ನಾಗರಹೊಳೆಯಲ್ಲ. ಮರ ಕಡಿತ ನಡೆಯುತ್ತಿತ್ತು, ಜೌಗಿನ ಹಡ್ಲುಗಳಲ್ಲಿ ಭತ್ತದ ಗದ್ದೆಗಳಿದ್ದವು, ಕಳ್ಳಬೇಟೆಗೆ ಅಂಕೆಯಿರಲಿಲ್ಲ. ಚಿಣ್ಣಪ್ಪ ಕಾಲ್ನಡಿಗೆಯ ಗಸ್ತು ಬಿಗಿ ಮಾಡಿದರು, ಬೇಸಿಗೆಯ ಕಿಚ್ಚಿಗೆ ತಡೆ ಹಾಕಿದರು, ಪ್ರಭಾವಿಗಳೆಂದು ಯಾರಿಗೂ ಸಡಿಲ ಬಿಡಲಿಲ್ಲ. ಹಡ್ಲುಗಳಲ್ಲಿ ಹುಲ್ಲು ಬಂತು, ಹುಲ್ಲಿಗೆ ಜಿಂಕೆ, ಕಾಟಿ ಬಂದವು, ಅವುಗಳ ಹಿಂದೆ ಹುಲಿ. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿಗಳಿಗೆ ರೇಡಿಯೊ ಪಟ್ಟಿ ತೊಡಿಸಿ ಅಧ್ಯಯನ ನಡೆಸಿದ್ದು ಇದೇ ಕಾಡಿನಲ್ಲಿ. ಹುಲಿ ಉಳಿದಿದ್ದರಿಂದಲೇ ಆ ಅಧ್ಯಯನ ಸಾಧ್ಯವಾಯಿತು.

ಇದಕ್ಕೆ ಚಿಣ್ಣಪ್ಪ ತೆತ್ತ ಬೆಲೆ ಕಡಿಮೆಯಲ್ಲ. 1992ರಲ್ಲಿ ಗಲಭೆಯೆದ್ದು ನಾಗರಹೊಳೆಗೆ ಬೆಂಕಿ ಬಿತ್ತು. ಮರುವರ್ಷ ಅವರು ಸ್ವಯಂ ನಿವೃತ್ತಿ ಪಡೆದರು. ಹಾಗೆಂದು ಆ ಕಾಡಿನ ಕತೆಯಲ್ಲಿ ಅವರೊಬ್ಬರದೇ ನೋವೆನ್ನಲಾರೆ. ಜೇನುಕುರುಬರ ಹಾಡಿಗಳ ಹಕ್ಕಿನ ಪ್ರಶ್ನೆ ಅಲ್ಲಿ ಇನ್ನೂ ತೀರಿಲ್ಲ, ಅದು ತೀರಲೇಬೇಕು.

ನಿವೃತ್ತರಾದ ರೇಂಜರು ತೋಟ ನೋಡಿಕೊಂಡು ಇದ್ದುಬಿಡಬಹುದಿತ್ತು. ಇವರು ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಮುಂದಾಳಾಗಿ, ಕುದುರೆಮುಖದ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಅಲ್ಲಿ ಅದಿರು ತೆಗೆಯುತ್ತಿದ್ದದ್ದು ಕೇಂದ್ರ ಸರ್ಕಾರದ್ದೇ ಕಂಪನಿ. ಮಳೆಗಾಲದಲ್ಲಿ ಭದ್ರೆಗೆ ಹೂಳು ಇಳಿಯುತ್ತಿತ್ತು. ಕೊಡಗಿನ ಮಾಜಿ ರೇಂಜರೊಬ್ಬರು ತಮ್ಮ ಸರಹದ್ದಿನಲ್ಲೇ ಇಲ್ಲದ ಬೆಟ್ಟಕ್ಕಾಗಿ ದಿಲ್ಲಿಯವರೆಗೆ ಹೋದದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಕಾನೂನು ಓದುವ ಹುಡುಗರು ಆ ಪ್ರಕರಣವನ್ನು ಇವತ್ತಿಗೂ ಚಿಣ್ಣಪ್ಪನವರ ಹೆಸರಿನಲ್ಲೇ ಓದುತ್ತಾರೆ.

2024ರ ಫೆಬ್ರುವರಿ 26ರಂದು ಅವರು ತೀರಿಕೊಂಡರು.

ಯಲಹಂಕ, ಹೆಬ್ಬಾಳದ ಶಾಲೆಗಳ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಮಕ್ಕಳನ್ನು ಕೆರೆಗೆ, ಜಾರಕಬಂಡೆ ಕಾವಲಿಗೆ ಕರೆದುಕೊಂಡು ಹೋದಾಗ ಹಕ್ಕಿಯ ಹೆಸರು, ಮರದ ಹೆಸರು ಹೇಳಿಕೊಡಿ. ಜೊತೆಗೆ ಅಲ್ಲಿನ ಗಾರ್ಡಿನ ಹೆಸರನ್ನೂ ಕೇಳಿ ತಿಳಿದುಕೊಳ್ಳಲು ಹೇಳಿ. ಚಿಣ್ಣಪ್ಪ ಯಾರು ಎಂಬ ಪಾಠವನ್ನು ಅಲ್ಲಿಂದಲೇ ಶುರು ಮಾಡಬಹುದು.